ಟೀಯ ಎತ್ತರ ಎಷ್ಟಿರಬೇಕು? ಹೊಂದಿಸಬಲ್ಲ ಗಾಲ್ಫ್ ಟೀಯ ತಂತ್ರ

ಗಾಲ್ಫ್ ಆಟಗಾರ ತನ್ನ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್‌ಗಳನ್ನು ಇಟ್ಟುಕೊಳ್ಳಬಹುದು. ಅವುಗಳಲ್ಲಿ ಅತಿ ಉದ್ದನೆಯದಾದ ಡ್ರೈವರ್ ಒಂದಕ್ಕೇ ಹತ್ತಾರು ಸಾವಿರ ರೂಪಾಯಿ ತೆರಬೇಕು. ಅದೇ ಚೀಲದ ಪಕ್ಕದ ಜೇಬಿಗೆ ಕೈ ಹಾಕಿದರೆ ಬೆರಳುದ್ದದ ಕಡ್ಡಿಗಳು ಹಿಡಿಯಷ್ಟು ಸಿಗುತ್ತವೆ. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಚೆಂಡು ಕೂರಲು ತಟ್ಟೆಯಂಥ ಸಣ್ಣ ತಗ್ಗು. ಇದರ ಹೆಸರು ಟೀ. ನಾವು ಕುಡಿಯುವ ಟೀಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಪ್ರತಿ ಕುಳಿಯ ಆಟವನ್ನು ಆರಂಭಿಸುವಾಗ, ಅಂದರೆ ಮೊದಲ ಹೊಡೆತಕ್ಕೆ ಮಾತ್ರ, ಚೆಂಡನ್ನು ಟೀಯ ಮೇಲೆ ಇಟ್ಟು ಹೊಡೆಯಲು ಅನುಮತಿಯಿದೆ. ಆಮೇಲೆ ಚೆಂಡು ಬಿದ್ದಲ್ಲಿಂದಲೇ ಆಡಬೇಕು.

ಹೀಗೆ ಇಡೀ ಆಟದಲ್ಲಿ ಚೆಂಡಿನ ಎತ್ತರವನ್ನು ಆಟಗಾರನೇ ನಿರ್ಧರಿಸಬಹುದಾದ ಸಂದರ್ಭ 18 ಕುಳಿಗಳಿಗೆ 18 ಸಲ ಮಾತ್ರ ಬರುತ್ತದೆ. ಆ ಎತ್ತರವನ್ನು ಬಹುಪಾಲು ಜನ ಹೆಬ್ಬೆರಳಿನ ಅಂದಾಜಿನಲ್ಲಿ ಮುಗಿಸಿಬಿಡುತ್ತಾರೆ. ನೆಲ ಮೆತ್ತಗಿದ್ದರೆ ಟೀ ಹೆಚ್ಚು ಇಳಿಯುತ್ತದೆ, ಗಟ್ಟಿಯಾಗಿದ್ದರೆ ಕಡಿಮೆ. ಈ ಅಂದಾಜನ್ನು ಅಳತೆಯಾಗಿ ಬದಲಾಯಿಸುವ ಪ್ರಯತ್ನವೇ ಹೊಂದಿಸಬಲ್ಲ ಟೀ. ಮಾರುಕಟ್ಟೆಯಲ್ಲಿ ಇಂಥವು ಹಲವು ಬಂದಿವೆ, ಹೋಗಿವೆ. ‘ಇದರಿಂದ ಹೊಡೆದರೆ ಚೆಂಡು ಇಷ್ಟು ಗಜ ಹೆಚ್ಚು ದೂರ ಹೋಗುತ್ತದೆ’ ಎಂಬ ಮಾತೂ ಜೊತೆಗೇ ಬರುತ್ತದೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ? ಕೆಲವು ಮಿಲಿಮೀಟರುಗಳ ಹೆಚ್ಚು ಕಡಿಮೆಯಿಂದ ನಿಜಕ್ಕೂ ಏನಾದರೂ ಆಗುತ್ತದೆಯೆ? ಇದನ್ನು ಲೆಕ್ಕ ಹಾಕಿ ನೋಡಬಹುದು. ಹೈಸ್ಕೂಲಿನ ಭೌತವಿಜ್ಞಾನ ಸಾಕು.

ಮರಳ ಗುಪ್ಪೆಯಿಂದ ಮರದ ಕಡ್ಡಿಗೆ

ಟೀ ಎಂಬ ಮಾತು ಈ ಕಡ್ಡಿಗಿಂತ ಬಹಳ ಹಳೆಯದು. ಸ್ಕಾಟ್ಲೆಂಡಿನ ಲೀತ್‌ನಲ್ಲಿ 1744ರಲ್ಲಿ ಬರೆದಿಟ್ಟ ಗಾಲ್ಫಿನ ಮೊದಲ 13 ನಿಯಮಗಳಲ್ಲೇ ಅದು ಬರುತ್ತದೆ. ಟೀ ನೆಲದ ಮೇಲೆಯೇ ಇರಬೇಕು, ಹಿಂದಿನ ಕುಳಿಯಿಂದ ಒಂದು ಕ್ಲಬ್ಬಿನಷ್ಟು ದೂರದೊಳಗೆ ಇರಬೇಕು ಎಂದು ಅಲ್ಲಿ ಹೇಳಿದೆ. ಆಗ ಟೀ ಎಂದರೆ ಮರಳಿನ ಸಣ್ಣ ಗುಪ್ಪೆ. ಮುಂದೆ ಹೊಡೆಯುವ ಜಾಗದ ಪಕ್ಕದಲ್ಲಿ ಒದ್ದೆ ಮರಳಿನ ಪೆಟ್ಟಿಗೆ, ಕೈತೊಳೆಯಲು ನೀರು ಇಡುವ ರೂಢಿ ಬಂತು. ಮರಳನ್ನು ಚಿವುಟಿ ಗೋಪುರ ಮಾಡಿ ಅದರ ಮೇಲೆ ಚೆಂಡನ್ನು ಕೂರಿಸುವುದು ಕ್ಯಾಡಿಯ ಕೆಲಸ. ಒಂದು ಗುಪ್ಪೆಯಂತೆ ಇನ್ನೊಂದು ಇರುತ್ತಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

1889ರಲ್ಲಿ ಸ್ಕಾಟ್ಲೆಂಡಿನ ವಿಲಿಯಮ್ ಬ್ಲಾಕ್ಸಮ್ ಮತ್ತು ಆರ್ಥರ್ ಡಗ್ಲಸ್ ರಬ್ಬರಿನ ಟೀಯೊಂದಕ್ಕೆ ಪೇಟೆಂಟ್ ಪಡೆದರು. ಅದು ನೆಲಕ್ಕೆ ಚುಚ್ಚುವಂಥದ್ದಲ್ಲ, ನೆಲದ ಮೇಲೆ ಇಡುವಂಥದ್ದು. ಮೂರು ವರ್ಷಗಳ ಅನಂತರ ಪರ್ಸಿ ಎಲ್ಲಿಸ್ ಎಂಬವರ, ಲೋಹದ ಮುಳ್ಳಿನ ಟೀ ಬಂತು. ಇವೆರಡಕ್ಕಿಂತ ಹೆಚ್ಚು ನೆನಪಿಡಬೇಕಾದದ್ದು 1899ರ ಡಿಸೆಂಬರ್ 12ರಂದು ಅಮೆರಿಕದ ಜಾರ್ಜ್ ಫ್ರಾಂಕ್ಲಿನ್ ಗ್ರಾಂಟ್ ಪಡೆದ ಪೇಟೆಂಟ್. ಅದರ ಸಂಖ್ಯೆ 6,38,920. ಗ್ರಾಂಟ್ ದಂತವೈದ್ಯ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಾಪಕ ವರ್ಗಕ್ಕೆ ಸೇರಿದ ಮೊದಲ ಕರಿಯ ಅಮೆರಿಕನ್. ಸೀಳು ಅಂಗುಳಿನ ರೋಗಿಗಳಿಗೆ ಕೃತಕ ಅಂಗುಳು ಮಾಡಿಕೊಡುವುದರಲ್ಲಿ ಅವರದು ದೊಡ್ಡ ಹೆಸರು. ಅವರ ಟೀಗೆ ಮರದ ಚೂಪು ಬುಡವಿತ್ತು. ಅದರ ಮೇಲೆ ಬಾಗುವ ರಬ್ಬರಿನ ಕೊಳವೆಯಿತ್ತು. ಕ್ಲಬ್ ತಗುಲಿದಾಗ ತಲೆಭಾಗ ಬಾಗಿ ದಾರಿ ಬಿಡಬೇಕು, ಬುಡ ನೆಲದಲ್ಲೇ ನಿಲ್ಲಬೇಕು ಎಂಬುದು ಅದರ ಹಿಂದಿನ ಯೋಚನೆ. ಈ ಯೋಚನೆ ಎಷ್ಟು ಸರಿಯಾದದ್ದೆಂದು ಮುಂದೆ ನೋಡೋಣ. ಗ್ರಾಂಟ್ ಇದನ್ನು ಮಾರಾಟಕ್ಕೆ ಇಡಲಿಲ್ಲ. ಗೆಳೆಯರಿಗೆ ಕೊಟ್ಟು ಸುಮ್ಮನಾದರು, 1910ರಲ್ಲಿ ತೀರಿಕೊಂಡರು. ಅಮೆರಿಕದ ಗಾಲ್ಫ್ ಸಂಸ್ಥೆ ಅವರ ಕೊಡುಗೆಯನ್ನು ಅಧಿಕೃತವಾಗಿ ಒಪ್ಪಿಕೊಳ್ಳಲು 1991 ಬರಬೇಕಾಯಿತು.

ಹಣ ಮಾಡಿದವರು ಇನ್ನೊಬ್ಬ ದಂತವೈದ್ಯರು, ನ್ಯೂಜೆರ್ಸಿಯ ವಿಲಿಯಮ್ ಲೋವೆಲ್. 1920ರ ದಶಕದ ಆರಂಭದಲ್ಲಿ ಅವರು ಮರದ ಟೀಗೆ ಕೆಂಪು ಬಣ್ಣ ಬಳಿದು ‘ರೆಡ್ಡಿ ಟೀ’ ಎಂದು ಹೆಸರಿಟ್ಟರು. ಆ ಕಾಲದ ತಾರೆ ವಾಲ್ಟರ್ ಹೇಗನ್‌ಗೆ ಹಣ ಕೊಟ್ಟು ಪ್ರದರ್ಶನ ಪಂದ್ಯಗಳಲ್ಲಿ ಅದನ್ನು ಬಳಸುವಂತೆ ಮಾಡಿದರು. ಕೆಲವೇ ವರ್ಷಗಳಲ್ಲಿ ಮರಳ ಪೆಟ್ಟಿಗೆಗಳು ಮೂಲೆ ಸೇರಿದವು. ನಕಲು ಮಾಡುವವರಿಗೂ ಕೊರತೆಯಿರಲಿಲ್ಲ. ಅವರ ವಿರುದ್ಧ ನ್ಯಾಯಾಲಯಗಳಲ್ಲಿ ಹೋರಾಡುವುದರಲ್ಲಿ ಲೋವೆಲ್‌ರ ಗಳಿಕೆಯ ದೊಡ್ಡ ಪಾಲು ಕರಗಿತು. ಇಷ್ಟು ಸರಳವಾದ ವಸ್ತುವನ್ನು ಕಾನೂನಿನ ಬೇಲಿಯೊಳಗೆ ಇಟ್ಟುಕೊಳ್ಳುವುದು ಕಷ್ಟವೇ ಸರಿ.

ಡ್ರೈವರ್ ಬೆಳೆಯಿತು, ಟೀಯೂ ಬೆಳೆಯಿತು

ಲೋವೆಲ್‌ರ ಕಾಲದಿಂದ 1980ರ ದಶಕದವರೆಗೂ ಡ್ರೈವರಿನ ತಲೆಯನ್ನು ಮರದಲ್ಲಿ ಕೆತ್ತುತ್ತಿದ್ದರು. ಚೆಂಡನ್ನು ಹೊಡೆಯುವ ಅದರ ಮುಖದ ಎತ್ತರ ಸುಮಾರು 40 ಮಿ.ಮೀ. ಇರುತ್ತಿತ್ತು. ಆಮೇಲೆ ಉಕ್ಕಿನ, ಅನಂತರ ಟೈಟೇನಿಯಮಿನ ಟೊಳ್ಳು ತಲೆಗಳು ಬಂದು ಉಬ್ಬುತ್ತಾ ಹೋದವು. ಕೊನೆಗೆ 2004ರಿಂದ ತಲೆಯ ಗಾತ್ರ 460 ಘನ ಸೆಂಟಿಮೀಟರನ್ನು ಮೀರಬಾರದೆಂಬ ನಿಯಮ ಬಂತು. ಇಂದಿನ ಡ್ರೈವರಿನ ಮುಖದ ಎತ್ತರ ಸುಮಾರು 58 ಮಿ.ಮೀ. ಎಂದಿಟ್ಟುಕೊಳ್ಳೋಣ.

ಕ್ಲಬ್ಬನ್ನು ನೆಲಕ್ಕೆ ತಾಗಿಸಿ ಚೆಂಡಿನ ಹಿಂದೆ ಇಟ್ಟಾಗ, ಚೆಂಡಿನ ಅರ್ಧಭಾಗ ಕ್ಲಬ್ಬಿನ ನೆತ್ತಿಗಿಂತ ಮೇಲೆ ಕಾಣಬೇಕು ಎಂಬುದು ತರಬೇತುದಾರರು ಹೇಳುವ ಮಾಮೂಲು ಸೂತ್ರ. ಹಾಗಾದರೆ ಚೆಂಡಿನ ಕೇಂದ್ರ ನೆಲದಿಂದ 58 ಮಿ.ಮೀ. ಎತ್ತರದಲ್ಲಿರಬೇಕು. ಗಾಲ್ಫ್ ಚೆಂಡಿನ ವ್ಯಾಸ ಕನಿಷ್ಠ 42.67 ಮಿ.ಮೀ., ಅಂದರೆ ತ್ರಿಜ್ಯ 21.3 ಮಿ.ಮೀ. ಟೀಯ ತಟ್ಟೆಯ ಅಂಚಿನ ವ್ಯಾಸ 12 ಮಿ.ಮೀ. ಆಗಿದ್ದರೆ ಪೈಥಾಗೊರಸ್ ಪ್ರಮೇಯದ ಪ್ರಕಾರ ಚೆಂಡಿನ ಕೇಂದ್ರ ಆ ಅಂಚಿನಿಂದ 20.4 ಮಿ.ಮೀ. ಮೇಲಿರುತ್ತದೆ. ಚೆಂಡಿನ ತಳ ತಟ್ಟೆಯೊಳಗೆ ಇಳಿಯುವುದು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಇಷ್ಟು ಆಳವಿಲ್ಲದ ತಗ್ಗಿನಲ್ಲಿ ಚೆಂಡು ಕೂತಿರುವುದೇ ಸೋಜಿಗ. ಟೀ ಸುಮಾರು 16 ಡಿಗ್ರಿ ವಾಲಿದರೆ ಅದು ಉರುಳಿಬೀಳುತ್ತದೆ.

58ರಲ್ಲಿ 20.4 ಕಳೆದರೆ ಉಳಿಯುವುದು ಸುಮಾರು 38. ಟೀಯ ಅಂಚು ನೆಲದಿಂದ 38 ಮಿ.ಮೀ. ಮೇಲಿರಬೇಕು. ಹಳೆಯ ಮರದ ಡ್ರೈವರಿಗೆ ಇದೇ ಲೆಕ್ಕ ಮಾಡಿದರೆ ಬರುವುದು ಸುಮಾರು 20 ಮಿ.ಮೀ. ಆದ್ದರಿಂದಲೇ ಹಿಂದೆ 54 ಮಿ.ಮೀ. ಉದ್ದದ ಟೀ ಧಾರಾಳವಾಗಿ ಸಾಕಾಗುತ್ತಿತ್ತು. ಅದರಲ್ಲಿ 34 ಮಿ.ಮೀ. ನೆಲದೊಳಗೆ ಊರುತ್ತಿತ್ತು. ಅದೇ ಟೀಯನ್ನು ಇಂದಿನ ಡ್ರೈವರಿಗೆ ಬಳಸಿದರೆ ಊರಲು ಉಳಿಯುವುದು ಬರೀ 16 ಮಿ.ಮೀ., ಅದು ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ 70 ಮತ್ತು 83 ಮಿ.ಮೀ. ಟೀಗಳು ಸಾಮಾನ್ಯವಾದವು. ಉದ್ದದ ಟೀ ಬಂದದ್ದರಿಂದ ಹಳೆಯದೊಂದು ತೊಂದರೆ ಹೆಚ್ಚಾಯಿತು. ಚಿಕ್ಕ ಟೀಯನ್ನು ತಲೆಯ ಹತ್ತಿರದವರೆಗೂ ಊರಿಬಿಟ್ಟರೆ ಎತ್ತರ ತಾನಾಗಿಯೇ ಹೆಚ್ಚು ಕಡಿಮೆ ಒಂದೇ ಇರುತ್ತಿತ್ತು. ಉದ್ದದ ಟೀಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಗುರುತೇ ಇಲ್ಲ.

ಅರ್ಧ ಮಿಲಿಸೆಕೆಂಡಿನಲ್ಲಿ ನಡೆಯುವುದೇನು?

ಮೊದಲು ಟೀಯೇ ಚೆಂಡಿನ ವೇಗವನ್ನು ಕುಂದಿಸುತ್ತದೆಯೆ ಎಂಬ ಪ್ರಶ್ನೆಯನ್ನು ಬಗೆಹರಿಸೋಣ. ಏಕೆಂದರೆ ‘ಕಡಿಮೆ ಘರ್ಷಣೆಯ ಟೀ’ ಎಂಬ ಜಾಹೀರಾತುಗಳು ಇದರ ಮೇಲೆಯೇ ನಿಂತಿವೆ.

ಡ್ರೈವರಿನ ತಲೆಯ ದ್ರವ್ಯರಾಶಿ ಸುಮಾರು 200 ಗ್ರಾಂ. ಚೆಂಡಿನದು ಹೆಚ್ಚೆಂದರೆ 45.93 ಗ್ರಾಂ. ಒಳ್ಳೆಯ ಆಟಗಾರನ ಕ್ಲಬ್ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬರುತ್ತದೆ. ಎರಡು ವಸ್ತುಗಳು ಡಿಕ್ಕಿ ಹೊಡೆದು ಬೇರೆಯಾಗುವ ವೇಗಕ್ಕೂ ಹತ್ತಿರ ಬರುವ ವೇಗಕ್ಕೂ ಇರುವ ಅನುಪಾತಕ್ಕೆ ಡ್ರೈವರಿನಲ್ಲಿ 0.83ರ ಆಸುಪಾಸು ಮಿತಿಯಿದೆ. ಸಂವೇಗದ ಸಂರಕ್ಷಣೆಯ ನಿಯಮವನ್ನು ಅನ್ವಯಿಸಿದರೆ ಚೆಂಡು ಸೆಕೆಂಡಿಗೆ ಸುಮಾರು 67 ಮೀಟರ್, ಅಂದರೆ ಗಂಟೆಗೆ 240 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಹೊಡೆದದ್ದಕ್ಕಿಂತ ಹೊಡೆಸಿಕೊಂಡದ್ದೇ ವೇಗವಾಗಿ ಓಡುತ್ತದೆ! ಕ್ಲಬ್ ಮತ್ತು ಚೆಂಡು ಒಂದಕ್ಕೊಂದು ತಾಗಿರುವ ಅವಧಿ ಸುಮಾರು ಅರ್ಧ ಮಿಲಿಸೆಕೆಂಡ್. ಆ ಅವಧಿಯಲ್ಲಿ ಚೆಂಡಿನ ಮೇಲಿನ ಸರಾಸರಿ ಬಲ 6,000 ನ್ಯೂಟನ್‌ಗೂ ಹೆಚ್ಚು. ಅದು 600 ಕಿಲೋಗ್ರಾಂ ತೂಕಕ್ಕೆ ಸಮ.

ಚೆಂಡು ಟೀಯ ಮೇಲೆ ಹೇರುವ ಭಾರ ಎಷ್ಟು? ಅದರ ತೂಕದಷ್ಟು, ಅಂದರೆ 0.45 ನ್ಯೂಟನ್. ಘರ್ಷಣಾಂಕ ಎಷ್ಟೇ ಇರಲಿ, ಈ ಭಾರದಿಂದ ಹುಟ್ಟುವ ಘರ್ಷಣೆ ಒಂದು ನ್ಯೂಟನ್‌ಗಿಂತ ಕಡಿಮೆ. 6,000ದ ಎದುರಿಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಬೇಡ.

ಆದರೆ ಇನ್ನೊಂದು ಸೂಕ್ಷ್ಮವಿದೆ. ತಟ್ಟೆಯ ಅಂಚಿನಲ್ಲಿ ಚೆಂಡಿನ ಮೇಲ್ಮೈಯ ಓರೆ ಸುಮಾರು 16 ಡಿಗ್ರಿ. ಡ್ರೈವರಿನಿಂದ ಚೆಂಡು ಹೊರಡುವ ಕೋನ 10ರಿಂದ 14 ಡಿಗ್ರಿ. ಚೆಂಡು ಅಂಚಿನ ಓರೆಗಿಂತ ತಗ್ಗಾದ ಕೋನದಲ್ಲಿ ಹೊರಟರೆ ಟೀಯ ಮುಂದಿನ ಅಂಚನ್ನು ಸ್ವಲ್ಪ ತಳ್ಳಿಕೊಂಡೇ ಹೋಗಬೇಕು. ಜೊತೆಗೆ ಹೊಡೆತಕ್ಕೆ ಚೆಂಡು ಅಪ್ಪಚ್ಚಿಯಾಗಿ ಅಗಲವಾಗುತ್ತದೆ. ಇನ್ನೊಂದೆಡೆ, ಸಂಪರ್ಕದ ಅವಧಿಯಲ್ಲಿ ಕ್ಲಬ್ 19 ಮಿ.ಮೀ.ನಷ್ಟು ಮುಂದೆ ಸಾಗುವುದರಿಂದ, ಚೆಂಡು ಮುಖವನ್ನು ಪೂರ್ತಿ ಬಿಡುವ ಮೊದಲೇ ಮುಖದ ಕೆಳಭಾಗ ಟೀಗೂ ತಗುಲುತ್ತದೆ. ಟೀ ಮುರಿಯುವುದು, ಹಾರುವುದು ಇದರಿಂದಲೇ.

ನಷ್ಟ ಎಷ್ಟೆಂದು ತಿಳಿಯಲು ಅತಿ ಕೆಟ್ಟ ಸಂದರ್ಭವನ್ನೇ ತೆಗೆದುಕೊಳ್ಳೋಣ. ಎರಡು ಗ್ರಾಂನ ಮರದ ಟೀ ಇಡಿಯಾಗಿ ಸೆಕೆಂಡಿಗೆ 30 ಮೀಟರ್ ವೇಗ ಪಡೆಯಿತು ಎಂದುಕೊಳ್ಳಿ. ಅದು ಕಸಿದುಕೊಂಡ ಸಂವೇಗ ಚೆಂಡಿನ ಸಂವೇಗದ ಶೇಕಡ 2ರಷ್ಟು. ವಾಸ್ತವದಲ್ಲಿ ಇದರ ಬಹುಭಾಗ ಕ್ಲಬ್ಬಿನಿಂದ ಹೋಗುತ್ತದೆಯೇ ಹೊರತು ಚೆಂಡಿನಿಂದಲ್ಲ, ಅದೂ ಸಂಪರ್ಕ ಮುಗಿಯುತ್ತಾ ಬಂದಾಗ. ಹಾಗಾಗಿ ಮಾಮೂಲಿ ಟೀಯಿಂದ ಆಗುವ ನಷ್ಟ ತೀರ ಅತ್ಯಲ್ಪ. ಇಲ್ಲದ ನಷ್ಟವನ್ನು ಉಳಿಸಿಕೊಡುವ ಟೀಗೆ ಹೆಚ್ಚು ದುಡ್ಡು ಕೊಡುವುದು ಬುದ್ಧಿವಂತಿಕೆಯಲ್ಲ.

ಆದರೆ ಹೊಂದಿಸಬಲ್ಲ ಟೀಯನ್ನು ವಿನ್ಯಾಸ ಮಾಡುವವರಿಗೆ ಇದೇ ಲೆಕ್ಕ ಎಚ್ಚರಿಕೆಯನ್ನೂ ಕೊಡುತ್ತದೆ. ತಿರುಪು, ಉಂಗುರ, ಬಿಗಿಕೀಲು ಎಂದು ಸೇರಿಸುತ್ತಾ ಹೋಗಿ, ಕ್ಲಬ್ಬಿಗೆ ತಗುಲುವ ಭಾಗವೇ 10 ಗ್ರಾಂ ಆಯಿತೆನ್ನಿ. ಆಗ ಅದೇ ಕೆಟ್ಟ ಸಂದರ್ಭದ ಅಂಕಿ ಶೇಕಡ 10ಕ್ಕೆ ಏರುತ್ತದೆ. ಲೋಹದ್ದಾದರೆ ದುಬಾರಿ ಡ್ರೈವರಿನ ಮುಖಕ್ಕೆ ಗೀರು ಬೀಳುತ್ತದೆ. ಕಿತ್ತು ಹಾರಿದರೆ ಎದುರಿಗೆ, ಪಕ್ಕಕ್ಕೆ ನಿಂತವರಿಗೆ ಅಪಾಯ. ತಲೆಭಾಗ ಹಗುರವಾಗಿದ್ದು ಬಾಗಬೇಕು, ಭಾರವೆಲ್ಲ ನೆಲದಲ್ಲೇ ಇರಬೇಕು. ಗ್ರಾಂಟ್ 1899ರಲ್ಲಿ ಮಾಡಿದ್ದು ಇದನ್ನೇ.

ಎತ್ತರ ಬದಲಾದರೆ

ಟೀ ವೇಗವನ್ನು ಕಸಿಯುವುದಿಲ್ಲ, ನಿಜ. ಆದರೆ ಅದರ ಎತ್ತರ, ಚೆಂಡು ಕ್ಲಬ್ಬಿನ ಮುಖದ ಯಾವ ಭಾಗಕ್ಕೆ ತಾಗಬೇಕೆಂಬುದನ್ನು ನಿರ್ಧರಿಸುತ್ತದೆ. ಟೀಯ ಮಹತ್ವವಿರುವುದು ಇಲ್ಲಿಯೇ.

ಡ್ರೈವರಿನ ಮುಖವನ್ನು ಬೆರಳಿನಿಂದ ಸವರಿ ನೋಡಿ. ಅದು ಸಮತಟ್ಟಾಗಿಲ್ಲ, ಮೇಲಿನಿಂದ ಕೆಳಕ್ಕೂ ಎಡದಿಂದ ಬಲಕ್ಕೂ ಸ್ವಲ್ಪ ಉಬ್ಬಿರುತ್ತದೆ. ಮೇಲಿನಿಂದ ಕೆಳಕ್ಕಿರುವ ಉಬ್ಬಿನ ವಕ್ರತಾ ತ್ರಿಜ್ಯ 300 ಮಿ.ಮೀ. ಎಂದುಕೊಂಡರೆ, ಪ್ರತಿ 5 ಮಿ.ಮೀ. ಮೇಲೆ ಹೋದಂತೆ ಮುಖದ ಓರೆ ಸುಮಾರು ಒಂದು ಡಿಗ್ರಿ ಹೆಚ್ಚುತ್ತದೆ. ಕ್ಲಬ್ಬಿನ ಮೇಲೆ 10.5 ಡಿಗ್ರಿ ಎಂದು ಅಚ್ಚು ಹಾಕಿರಬಹುದು. ಆದರೆ ನಡುವಿನಿಂದ 10 ಮಿ.ಮೀ. ಮೇಲೆ ತಾಗಿದ ಚೆಂಡಿಗೆ ಅದು 12 ಡಿಗ್ರಿಗೂ ಹೆಚ್ಚಿನ ಕ್ಲಬ್. 10 ಮಿ.ಮೀ. ಕೆಳಗೆ ತಾಗಿದ್ದಕ್ಕೆ 9 ಡಿಗ್ರಿಗೂ ಕಡಿಮೆಯ ಕ್ಲಬ್.

ಎರಡನೆಯ ಪರಿಣಾಮ ಇನ್ನೂ ಸ್ವಾರಸ್ಯದ್ದು. ಡ್ರೈವರಿನ ಗುರುತ್ವಕೇಂದ್ರ ಅದರ ಮುಖಕ್ಕಿಂತ ಸಾಕಷ್ಟು ಹಿಂದಿದೆ. ಚೆಂಡು ಆ ಕೇಂದ್ರಕ್ಕಿಂತ ಮೇಲೆ ತಾಗಿದರೆ ಕ್ಲಬ್ಬಿನ ತಲೆ ಹಿಂದಕ್ಕೆ ವಾಲುವಂತೆ ತಿರುಗುತ್ತದೆ. ಒಂದಕ್ಕೊಂದು ಕಚ್ಚಿಕೊಂಡ ಎರಡು ಹಲ್ಲುಗಾಲಿಗಳನ್ನು ನೆನೆಯಿರಿ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗಲೇಬೇಕು. ಕ್ಲಬ್ಬಿನ ಮುಖವೂ ಚೆಂಡೂ ಹಾಗೆಯೇ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ತಲೆ ಹಿಂದಕ್ಕೆ ತಿರುಗಿದರೆ ಚೆಂಡಿಗೆ ಮುಂದಕ್ಕೆ ಉರುಳುವ ಗಿರಕಿ ಸಿಗುತ್ತದೆ. ಚೆಂಡಿಗೆ ಮುಖದ ಓರೆಯಿಂದ ಬರುವ ಹಿಮ್ಮುಖ ಗಿರಕಿ ಈ ಮುಮ್ಮುಖ ಗಿರಕಿಯಿಂದಾಗಿ ಕಡಿಮೆಯಾಗುತ್ತದೆ. ಕೆಳಗೆ ತಾಗಿದರೆ ಇದಕ್ಕೆ ವಿರುದ್ಧ, ಹಿಮ್ಮುಖ ಗಿರಕಿ ಹೆಚ್ಚುತ್ತದೆ.

ಹಿಮ್ಮುಖ ಗಿರಕಿ ಪೂರ್ತಿ ಕೆಟ್ಟದ್ದಲ್ಲ. ಅದು ಗಾಳಿಯನ್ನು ಕೆಳಕ್ಕೆ ತಳ್ಳಿ ಚೆಂಡನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಗಿರಕಿಯೇ ಇಲ್ಲದ ಚೆಂಡು ಬೇಗ ನೆಲಕ್ಕೆ ಬೀಳುತ್ತದೆ. ಡ್ರೈವರಿನ ಒಳ್ಳೆಯ ಹೊಡೆತದಲ್ಲಿ ನಿಮಿಷಕ್ಕೆ 2,500ರಿಂದ 3,000 ಸುತ್ತು ಇರುವುದುಂಟು. ಅದಕ್ಕಿಂತ ಬಹಳ ಹೆಚ್ಚಾದರೆ ಚೆಂಡು ಗಾಳಿಪಟದಂತೆ ಏರಿ, ಮುಂದೆ ಹೋಗಬೇಕಾದ ಶಕ್ತಿಯನ್ನೆಲ್ಲ ಏರುವುದಕ್ಕೇ ಕಳೆದುಕೊಂಡು ಬೀಳುತ್ತದೆ. ಎದುರುಗಾಳಿಯಿದ್ದರೆ ಕೇಳುವುದೇ ಬೇಡ.

ಹೀಗಾಗಿ ಚೆಂಡು ಮುಖದ ನಡುವಿಗಿಂತ ತುಸು ಮೇಲೆ ತಾಗಿದರೆ ಹೊರಡುವ ಕೋನ ಹೆಚ್ಚು, ಗಿರಕಿ ಕಡಿಮೆ. ದೂರ ಹೋಗಲು ಬೇಕಾದ ಜೋಡಿ ಇದೇ. ಕೆಳಗೆ ತಾಗಿದರೆ ಕೋನ ಕಡಿಮೆ, ಗಿರಕಿ ಹೆಚ್ಚು. ಟೀಯನ್ನು ಎತ್ತರಿಸುವುದರ ಲಾಭ ಇಲ್ಲಿಂದ ಬರುತ್ತದೆಯೇ ಹೊರತು ಟೀಯ ರಬ್ಬರಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಅಲ್ಲ. ಅತಿಯಾದರೆ ಮಾತ್ರ ಚೆಂಡು ಮುಖವನ್ನು ಬಿಟ್ಟು ನೆತ್ತಿಯ ಅಂಚಿಗೆ ತಾಗಿ ನೇರ ಆಕಾಶಕ್ಕೆ ಹೋಗುತ್ತದೆ, ಹೊಸ ಡ್ರೈವರಿನ ಬಣ್ಣವೂ ಹೋಗುತ್ತದೆ.

ಇನ್ನು ಕ್ಲಬ್ಬಿನ ದಾರಿ. ಕ್ಲಬ್ಬಿನ ತಲೆ ಸುಮಾರು 1.7 ಮೀಟರ್ ತ್ರಿಜ್ಯದ ಕಂಸದಲ್ಲಿ ಬರುತ್ತದೆ ಎಂದುಕೊಂಡು ಸರಳ ಲೆಕ್ಕ ಮಾಡೋಣ. ಕಂಸದ ಅತಿ ಕೆಳಗಿನ ಬಿಂದುವಿನಿಂದ 9 ಸೆಂ.ಮೀ. ಮುಂದೆ ತಲೆ 3 ಡಿಗ್ರಿ ಮೇಲ್ಮುಖವಾಗಿ ಸಾಗುತ್ತಿರುತ್ತದೆ. ಆದರೆ ಅಲ್ಲಿ ಅದು ಏರಿರುವುದು ಎರಡೂಕಾಲು ಮಿ.ಮೀ. ಮಾತ್ರ. 15 ಸೆಂ.ಮೀ. ಮುಂದೆ 5 ಡಿಗ್ರಿ, ಏರಿಕೆ ಸುಮಾರು ಆರೂವರೆ ಮಿ.ಮೀ. ಮೇಲ್ಮುಖವಾಗಿ ಹೊಡೆಯಬೇಕೆಂದು ಚೆಂಡನ್ನು ಮುಂದಿನ ಕಾಲಿನ ಕಡೆಗೆ ಸರಿಸಿದವರು ಟೀಯನ್ನೂ ಇಷ್ಟೇ ಎತ್ತರಿಸಬೇಕು. ಇಲ್ಲದಿದ್ದರೆ ಚೆಂಡು ಮುಖದ ಕೆಳಭಾಗಕ್ಕೆ ತಾಗಿ, ಗಳಿಸಿದ ಲಾಭ ಅಲ್ಲೇ ಸೋರಿಹೋಗುತ್ತದೆ. ಎರಡು ಮಿಲಿಮೀಟರು, ಆರು ಮಿಲಿಮೀಟರು ಎಂಬ ಅಳತೆಗಳಿಗೆ ಅರ್ಥ ಬರುವುದು ಹೀಗೆ. ಹೆಬ್ಬೆರಳಿನ ಅಂದಾಜಿನಲ್ಲಿ ಇಷ್ಟು ತಪ್ಪು ಸುಲಭವಾಗಿ ನುಸುಳುತ್ತದೆ.

ಕ್ಲಬ್ಬಿನ ವೇಗ ಕಡಿಮೆಯಿದ್ದವರಿಗೆ ಇದು ಇನ್ನೂ ಮುಖ್ಯ. ವೃತ್ತಿಪರ ಪುರುಷರು ಡ್ರೈವರಿನಲ್ಲಿ ಸರಾಸರಿ ಒಂದು ಡಿಗ್ರಿಯಷ್ಟು ಕೆಳಮುಖವಾಗಿಯೇ ಹೊಡೆಯುತ್ತಾರೆಂದೂ ಮಹಿಳೆಯರು ಸುಮಾರು 3 ಡಿಗ್ರಿ ಮೇಲ್ಮುಖವಾಗಿ ಹೊಡೆಯುತ್ತಾರೆಂದೂ ರಾಡಾರ್ ಅಳತೆಗಳು ತೋರಿಸಿವೆ. ವೇಗದಲ್ಲಿ ಇಲ್ಲದ್ದನ್ನು ಕೋನದಲ್ಲಿ ತುಂಬಿಕೊಳ್ಳುವ ಉಪಾಯವಿದು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ, ಒಂದೇ ಒಂದು ಹೊಡೆತದಿಂದ ಕಂಚಿನ ಪದಕ ಕಳೆದುಕೊಂಡದ್ದು ಓದುಗರಿಗೆ ನೆನಪಿರಬಹುದು. ದೂರ ಹೊಡೆಯುವವರ ಸಾಲಿನಲ್ಲಿ ಅವರು ಅಲ್ಲಿ ತೀರ ಹಿಂದಿದ್ದರು. ಆ ಕೊರತೆಯನ್ನು ಕುಳಿಯ ಬಳಿಯ ಅಚ್ಚುಕಟ್ಟಾದ ಆಟದಿಂದ ತುಂಬಿಕೊಂಡಿದ್ದರು. ನಾಲ್ಕು ದಿನಗಳ ಆಟದ ಫಲ ಒಂದು ಹೊಡೆತದ ಮೇಲೆ ನಿಂತಿರುವಾಗ, ಕೈಯಲ್ಲಿರುವ ಯಾವ ಅಳತೆಯೂ ಸಣ್ಣದಲ್ಲ.

ಹೊಂದಿಸುವ ಬಗೆಗಳು

ನೆಲಕ್ಕೆ ಚುಚ್ಚುವ ಮಾಮೂಲಿ ಟೀಯೂ ಹೊಂದಿಸಬಲ್ಲದ್ದೇ, ಅದಕ್ಕೆ ಅಳತೆ ಇಲ್ಲ ಅಷ್ಟೆ. ಆದ್ದರಿಂದ ಹೊಂದಿಸಬಲ್ಲ ಟೀಗೆ ಮೊದಲು ಬೇಕಾದದ್ದು ನೆಲದ ಮೇಲೆ ಕೂತು ‘ಇಲ್ಲಿಗೆ ಸಾಕು’ ಎಂದು ತಡೆಯುವ ಒಂದು ಭುಜ.

ಅತಿ ಸರಳವಾದದ್ದು ಮೆಟ್ಟಿಲಿರುವ ಪ್ಲಾಸ್ಟಿಕ್ ಟೀ. ಕೋಟೆಯ ಗೋಪುರದಂತೆ ಕಾಣುವ ಇದರಲ್ಲಿ ಕಡ್ಡಿಯ ನಿಗದಿತ ಜಾಗದಲ್ಲಿ ಅಗಲವಾದ ಭುಜವಿರುತ್ತದೆ. ಅದು ನೆಲಕ್ಕೆ ತಾಗುವವರೆಗೆ ಒತ್ತಿದರಾಯಿತು. ಒಂದೊಂದು ಎತ್ತರಕ್ಕೆ ಒಂದೊಂದು ಬಣ್ಣ. ಇದರಲ್ಲಿ ಪುನರಾವರ್ತನೆ ಚೆನ್ನಾಗಿದೆ, ಆದರೆ ಹೊಂದಾಣಿಕೆ ಇಲ್ಲ. ಎತ್ತರ ಬದಲಾಗಬೇಕಾದರೆ ಬೇರೆ ಟೀ ತೆಗೆಯಬೇಕು. ಎರಡನೆಯ ಬಗೆಯಲ್ಲಿ ಭುಜ ಒಂದು ಉಂಗುರವಾಗಿ ಕಡ್ಡಿಯ ಮೇಲೆ ಜಾರುತ್ತದೆ, ಬಿಗಿತದಿಂದಲೋ ಕಚ್ಚುಗಳಿಂದಲೋ ನಿಲ್ಲುತ್ತದೆ. ಕಚ್ಚುಗಳ ನಡುವಿನ ಅಂತರ 3 ಮಿ.ಮೀ. ಇದ್ದರೆ ಅದಕ್ಕಿಂತ ನವಿರಾದ ಹೊಂದಾಣಿಕೆ ಸಾಧ್ಯವಿಲ್ಲ. ಬಿಗಿತವೊಂದನ್ನೇ ನಂಬಿದರೆ ಉಂಗುರ ಸವೆದು ಸಡಿಲವಾಗುತ್ತದೆ.

ಮೂರನೆಯದು ತಿರುಪಿನದು. ನೆಲದಲ್ಲಿ ಊರಿದ ಬುಡದೊಳಗೆ ತಲೆಭಾಗ ತಿರುಗಿ ಮೇಲೇರುತ್ತದೆ. ಆರು ಮಿ.ಮೀ. ತಿರುಪಿನಲ್ಲಿ ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದು ಮಿ.ಮೀ. ಏರಿಕೆ. ಅಳತೆಗೆ ಇದು ಸೊಗಸು, ಸುತ್ತು ಎಣಿಸಿದರೆ ಮಿಲಿಮೀಟರ್ ಸಿಕ್ಕಿತು. ಆದರೆ ಕಬ್ಬಿಣದ ಕ್ಲಬ್ಬಿಗೆ 5 ಮಿ.ಮೀ., ಡ್ರೈವರಿಗೆ 40 ಮಿ.ಮೀ. ಎಂದಾದರೆ 35 ಸುತ್ತು ತಿರುಗಿಸಬೇಕು. ಹಿಂದೆ ಕಾಯುತ್ತಿರುವ ಆಟಗಾರರು ಸುಮ್ಮನಿರುತ್ತಾರೆಯೆ? ಒಂದು ಸುತ್ತಿಗೆ 3 ಮಿ.ಮೀ. ಏರುವ ತಿರುಪು ಮಾಡಿದರೆ 12 ಸುತ್ತು ಸಾಕು. ಆಗ ತಿರುಪಿನ ಓರೆ 3.4 ಡಿಗ್ರಿಯಿಂದ ಸುಮಾರು 10 ಡಿಗ್ರಿಗೆ ಏರುತ್ತದೆ. ಘರ್ಷಣಾಂಕ 0.2 ಇರುವ ಪ್ಲಾಸ್ಟಿಕ್ಕಿನಲ್ಲಿ ತಿರುಪು ತಾನಾಗಿ ಜಾರದೆ ನಿಲ್ಲುವ ಮಿತಿ ಸುಮಾರು 11 ಡಿಗ್ರಿ. ಅಂದರೆ ಮಿತಿಯ ಅಂಚಿಗೇ ಬಂದೆವು. ಹೊಡೆತದ ಅದುರಿಗೆ ಅದು ತುಸು ಇಳಿದರೆ ಆಶ್ಚರ್ಯವಿಲ್ಲ. ಬೇಗ ಹೊಂದಿಸಲು ಬಂದದ್ದು ಬೇಗ ಕೆಡಲೂ ಬರುತ್ತದೆ. ಇದಲ್ಲದೆ ಸುತ್ತುಗಳ ನಡುವೆ ಮಣ್ಣು ಸೇರಿಕೊಂಡು ಒಣಗಿದರೆ ತಿರುಪು ಕದಲುವುದೇ ಇಲ್ಲ.

ಅಭ್ಯಾಸದ ಮೈದಾನದ ಕಥೆ ಬೇರೆ. ಅಲ್ಲಿ ಹುಲ್ಲಿನ ಬದಲು ಕೃತಕ ಹಾಸು. ಅದಕ್ಕೆ ಟೀಯನ್ನು ಚುಚ್ಚಲಾಗದು. ಹಾಸಿನ ತೂತಿನಿಂದ ರಬ್ಬರಿನ ಕೊಳವೆಯೊಂದು ಮೇಲಕ್ಕೆ ಚಾಚಿರುತ್ತದೆ. ಅದರ ಎತ್ತರ ಮೈದಾನದವರು ಇಟ್ಟಷ್ಟೇ. ಇಂಥ ಕಡೆ ನೂರಾರು ಚೆಂಡು ಹೊಡೆದು ಕೈ ಪಳಗಿಸಿಕೊಂಡವರು, ಪಂದ್ಯದ ದಿನ ಮಣ್ಣಿನಲ್ಲಿ ಬೇರೆ ಎತ್ತರಕ್ಕೆ ಟೀ ಊರುತ್ತಾರೆ. ಪಳಗಿದ್ದು ಒಂದು ಎತ್ತರಕ್ಕೆ, ಆಡುವುದು ಇನ್ನೊಂದರಲ್ಲಿ! ಹೊಂದಿಸಬಲ್ಲ ಟೀಯ ನಿಜವಾದ ಅಗತ್ಯ ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಜಪಾನ್, ಕೊರಿಯಾಗಳ ಅನೇಕ ಅಭ್ಯಾಸ ಕೇಂದ್ರಗಳಲ್ಲಿ ಹಾಸಿನ ಕೆಳಗಿನಿಂದ ಯಂತ್ರವೇ ಚೆಂಡನ್ನು ಟೀಯ ಸಮೇತ ಎತ್ತಿಕೊಡುತ್ತದೆ. ಎತ್ತರವನ್ನು ಗುಂಡಿ ಒತ್ತಿ ಆರಿಸಿಕೊಳ್ಳಬಹುದು.

ನಿಯಮದ ಬೇಲಿ

ಅಭ್ಯಾಸದಲ್ಲಿ ಏನನ್ನು ಬೇಕಾದರೂ ಬಳಸಬಹುದು, ಪಂದ್ಯದಲ್ಲಿ ಹಾಗಲ್ಲ. ಟೀಯ ಉದ್ದ 4 ಅಂಗುಲ, ಅಂದರೆ 101.6 ಮಿ.ಮೀ. ಮೀರಬಾರದು. ಹೊಂದಿಸಬಲ್ಲ ಟೀಯನ್ನು ಪೂರ್ತಿ ಚಾಚಿದಾಗಲೂ ಈ ಮಿತಿಯೊಳಗೆ ಇರುವಂತೆ ನೋಡಿಕೊಳ್ಳುವುದು ಕ್ಷೇಮ. ಟೀ ಆಟದ ದಿಕ್ಕನ್ನು ತೋರಿಸುವಂತೆ ಇರಬಾರದು. ಭುಜದ ಮೇಲೆ ಬಾಣದ ಗುರುತೊಂದನ್ನು ಹಾಕಿದರೆ ಕೆಲಸ ಕೆಟ್ಟಿತು. ಚೆಂಡಿನ ಚಲನೆಯ ಮೇಲೆ ಅನುಚಿತ ಪ್ರಭಾವ ಬೀರಬಾರದು. ಚೆಂಡಿಗೂ ಕ್ಲಬ್ಬಿಗೂ ನಡುವೆ ತೆಳು ಗೋಡೆ ಬರುವಂತೆ ಮಾಡಿ ಅಡ್ಡಗಿರಕಿಯನ್ನು ತಗ್ಗಿಸುವ ಟೀಗಳು ಇದರಿಂದಲೇ ಪಂದ್ಯಕ್ಕೆ ಸಲ್ಲುವುದಿಲ್ಲ. 2019ರಲ್ಲಿ ಜಾರಿಗೆ ಬಂದ ನಿಯಮಾವಳಿಯಂತೆ ಸಮ್ಮತವಲ್ಲದ ಟೀಯಿಂದ ಹೊಡೆದರೆ ಮೊದಲ ಸಲ ದಂಡ, ಎರಡನೆಯ ಸಲ ಆಟದಿಂದಲೇ ಹೊರಕ್ಕೆ. ಹತ್ತಿಪ್ಪತ್ತು ರೂಪಾಯಿಯ ಕಡ್ಡಿಗಾಗಿ ಪಂದ್ಯ ಕಳೆದುಕೊಳ್ಳುವ ಮುನ್ನ ಸಂಘಟಕರನ್ನು ಕೇಳಿಕೊಳ್ಳಬೇಕು. ನಿಯಮ ಇಂದಿಗೂ ಮರಳಿನ ಗುಪ್ಪೆಯನ್ನು ಒಪ್ಪುತ್ತದೆ ಎಂಬುದು ಮೋಜಿನ ಸಂಗತಿ.

ಮುರಿದ ಟೀಗಳ ವಿಚಾರವನ್ನೂ ಹೇಳಬೇಕು. ಮರದ್ದು, ಬಿದಿರಿನದ್ದು ಮಣ್ಣಿನಲ್ಲಿ ಕೊಳೆಯುತ್ತದೆ. ಪ್ಲಾಸ್ಟಿಕ್ ಚೂರುಗಳು ಹಾಗೆಯೇ ಉಳಿಯುತ್ತವೆ. ಲೋಹದ ಭಾಗಗಳು ಹುಲ್ಲು ಕತ್ತರಿಸುವ ಯಂತ್ರದ ಅಲಗನ್ನು ಹಾಳುಮಾಡುತ್ತವೆ. 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಹಳೆಯ ಮೈದಾನಗಳ ಹುಲ್ಲನ್ನು ನೋಡಿಕೊಳ್ಳುವ ಮಾಲಿಗಳಿಗೆ ಈ ಕಷ್ಟ ಗೊತ್ತಿರುತ್ತದೆ.

ನಿಮ್ಮ ಎತ್ತರ ಯಾವುದು?

ಇದನ್ನು ಕಂಡುಹಿಡಿಯಲು ದುಬಾರಿ ಸಲಕರಣೆ ಬೇಕಿಲ್ಲ. ಒಂದು ಮರದ ಟೀ ತೆಗೆದುಕೊಳ್ಳಿ. ತಟ್ಟೆಯ ಅಂಚಿನಿಂದ ಕೆಳಕ್ಕೆ 30, 35, 40 ಮಿ.ಮೀ. ದೂರದಲ್ಲಿ ಪೆನ್ನಿನಿಂದ ಸುತ್ತಲೂ ಗೆರೆ ಎಳೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಿಗಿಯಾದ ಸಣ್ಣ ರಬ್ಬರ್ ಉಂಗುರವೊಂದನ್ನು ಬೇಕಾದ ಗೆರೆಗೆ ಸರಿಸಿ, ಅದು ನೆಲಕ್ಕೆ ತಾಗುವವರೆಗೆ ಟೀಯನ್ನು ಊರಿ. ಇದೂ ಹೊಂದಿಸಬಲ್ಲ ಟೀಯೇ, ಕಡಿಮೆ ಖರ್ಚಿನದು. ಡ್ರೈವರಿನ ಮುಖಕ್ಕೆ ಒಣ ಟಾಲ್ಕಮ್ ಪೌಡರನ್ನು ತೆಳುವಾಗಿ ಸವರಿ ಹೊಡೆದರೆ ಚೆಂಡು ತಾಗಿದ ಜಾಗದಲ್ಲಿ ಗುರುತು ಮೂಡುತ್ತದೆ. ಪ್ರತಿ ಹೊಡೆತದ ಅನಂತರ ಗುರುತು ನಡುವಿನಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆಯೆಂದು ಬರೆದುಕೊಂಡು ಒರೆಸಿಬಿಡಿ.

ಪ್ರತಿ ಎತ್ತರಕ್ಕೂ ಕನಿಷ್ಠ ಹತ್ತು ಹೊಡೆತ ಬೇಕು. ಆದರೆ 30ರಲ್ಲಿ ಹತ್ತು, ಆಮೇಲೆ 35ರಲ್ಲಿ ಹತ್ತು ಎಂದು ಸಾಲಾಗಿ ಹೊಡೆಯಬೇಡಿ. ಮೊದಲ ಹತ್ತರಲ್ಲಿ ಮೈ ಬಿಸಿಯಾಗಿರುವುದಿಲ್ಲ, ಕೊನೆಯ ಹತ್ತರಲ್ಲಿ ದಣಿವು. ಆ ವ್ಯತ್ಯಾಸವನ್ನೇ ನೀವು ಟೀಯ ಎತ್ತರದ ಪರಿಣಾಮವೆಂದು ತಿಳಿಯುವ ಸಂಭವವಿದೆ. ಮೂರು ಎತ್ತರಗಳನ್ನೂ ಚೀಟಿ ಎತ್ತಿ ಕಲಸಿ ಹೊಡೆಯಿರಿ. ಕೊನೆಗೆ ಸರಾಸರಿಯ ಜೊತೆಗೆ ಗುರುತುಗಳು ಎಷ್ಟು ಚದುರಿವೆ ಎಂಬುದನ್ನೂ ನೋಡಿ. ಒಂದೆರಡು ಚೆಂಡನ್ನು ಬಹಳ ದೂರ ಕಳಿಸಿ ಉಳಿದವನ್ನು ಅಡ್ಡಾದಿಡ್ಡಿ ಎಸೆದ ಎತ್ತರಕ್ಕಿಂತ, ಹತ್ತರಲ್ಲಿ ಎಂಟು ಗುರುತುಗಳನ್ನು ನಡುವಿನಿಂದ ತುಸು ಮೇಲೆ ಒಟ್ಟಾಗಿ ಕೂರಿಸಿದ ಎತ್ತರವೇ ನಿಮ್ಮದು. ಡ್ರೈವರ್ ಬದಲಾಯಿಸಿದ ದಿನ ಈ ಅಳತೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.